ನಮ್ಮ ಗುಂಡನಿಗೊಂದು ಮರಳಿನ ಪೆಟ್ಟಿಗೆ

ಊರಿನಲ್ಲಿ ಯಾರಾದರೂ ಮನೆ ಕಟ್ಟಿಸಲು ಒಂದು ಲೋಡ್ ಮರಳು ಹೊಡೆಸಿದರೆ, ಮೊದಲ ಗೃಹಪ್ರವೇಶ ಮಾಡುತ್ತಿದ್ದುದು ಬೀದಿಯ ಬೆಕ್ಕುಗಳು. ಬಂದು, ಕೆದರಿ, ಕೆಲಸ ಮುಗಿಸಿ, ಮುಚ್ಚಿ, ಮೂಸಿ ನೋಡಿ ಹೊರಟುಬಿಡುತ್ತಿದ್ದವು. ಬೆಕ್ಕಿನ ಕಕ್ಕಸಿನ ಬಗ್ಗೆ ಯಾರೂ ತಲೆ ಕೆಡಿಸಿಕೊಂಡದ್ದಿಲ್ಲ. ಮಿಶಿಗನ್ನಿಗೆ ಬಂದು, ಮಗಳ ಹಟಕ್ಕೆ ಸೋತು, ಶೆಲ್ಟರಿನಿಂದ ಒಂದು ಗಂಡು ಬೆಕ್ಕನ್ನು ತಂದು ಗುಂಡ ಎಂದು ಹೆಸರಿಟ್ಟ ಮೇಲೆಯೇ ಅದೊಂದು ದೊಡ್ಡ ಶಾಸ್ತ್ರ ಎಂದು ನಮಗೆ ಗೊತ್ತಾದದ್ದು!

ಅಂದ ಹಾಗೆ, ಆ ಶಾಸ್ತ್ರ ಹುಟ್ಟಿದ್ದೂ ನಮ್ಮ ಮಿಶಿಗನ್ನಿನಲ್ಲೇ. 1947ರಲ್ಲಿ ಕಸೋಪೊಲಿಸ್ ಎಂಬ ಊರಿನ ಎಡ್ ಲೋ ಅವರ ಹತ್ತಿರ ನೆರೆಮನೆಯಾಕೆ ಬೆಕ್ಕಿಗಾಗಿ ಮರಳು ಕೇಳಿಕೊಂಡು ಬಂದರು. ಆಗೆಲ್ಲ ಜನ ಬಳಸುತ್ತಿದ್ದುದು ಮರಳು, ಇಲ್ಲವೇ ಒಲೆಯ ಬೂದಿ. ಲೋ ಕೊಟ್ಟದ್ದು ಕಾರ್ಖಾನೆಗಳಲ್ಲಿ ನೆಲದ ಮೇಲೆ ಚೆಲ್ಲಿದ ಎಣ್ಣೆ ಹೀರಲು ಬಳಸುವ ಜೇಡಿಮಣ್ಣಿನ ಹರಳು. ಆಕೆ ಅದನ್ನೇ ಮತ್ತೆ ಕೇಳಿಕೊಂಡು ಬಂದರು. ಲೋ ಅದನ್ನು ಐದು ಪೌಂಡಿನ ಚೀಲಕ್ಕೆ ತುಂಬಿ, ಮೇಲೆ 'ಕಿಟ್ಟಿ ಲಿಟ್ಟರ್' ಎಂದು ಬರೆದು, 65 ಸೆಂಟಿಗೆ ಮಾರಲು ಹೊರಟರು. ಮಣ್ಣು ಮಾರಿ ಶ್ರೀಮಂತರಾದವರು ನಮ್ಮ ಬೆಂಗಳೂರಿನ ಸೈಟಿನವರು ಮಾತ್ರವಲ್ಲ, ನೋಡಿ!

ನಾವು ಮೊದಲು ತಂದದ್ದು ಮುಚ್ಚಳ ಮತ್ತು ಪುಟ್ಟ ಬಾಗಿಲು ಇರುವ ಚೆಂದದ ಪೆಟ್ಟಿಗೆ. ಬಂದವರ ಕಣ್ಣಿಗೆ ಬೀಳಬಾರದು, ವಾಸನೆ ಬರಬಾರದು, ಇಷ್ಟೇ ನಮ್ಮ ಲೆಕ್ಕಾಚಾರ. ಅದನ್ನು ಬೇಸ್‌ಮೆಂಟಿನಲ್ಲಿ ಡ್ರೈಯರ್ ಪಕ್ಕ ಇಟ್ಟು ಘಮಘಮ ಲಿಟ್ಟರ್ ಸುರಿದೆವು. ಒಂದು ತಿಂಗಳು ಎಲ್ಲ ಸರಿಯಿತ್ತು. ಅಷ್ಟರಲ್ಲಿ ಅಮ್ಮ ಊರಿನಿಂದ ಬಂದರು. ಬಂದ ವಾರದಲ್ಲೇ ಗುಂಡ ಅವರ ತೆರೆದಿಟ್ಟ ಸೂಟ್‌ಕೇಸಿಗಿಳಿದು, ಇಳಕಲ್ ಸೀರೆಯ ಮೇಲೆ ಉಚ್ಚೆ ಹೊಯ್ದ! ಮರುದಿನ ಸೋಫಾದ ಮೇಲೆ. ನಮ್ಮನೆಯವರು "ನಾಳೆಯೇ ವಾಪಸ್ ಬಿಟ್ಟು ಬರೋಣ" ಎಂದರು. ಮಗಳು ಊಟ ಬಿಟ್ಟಳು.

ಪ್ರಾಣಿವೈದ್ಯೆ ಮೂತ್ರ ಪರೀಕ್ಷೆ ಮಾಡಿ, ಕಾಯಿಲೆ ಏನೂ ಇಲ್ಲ ಎಂದರು. ಆಮೇಲೆ ವಿಚಾರಿಸಿದ್ದೆಲ್ಲ ಪೆಟ್ಟಿಗೆಯ ಬಗ್ಗೆ. ಎಷ್ಟು ಉದ್ದ? ಎಲ್ಲಿದೆ? ದಿನಕ್ಕೆ ಎಷ್ಟು ಸಲ ಚೊಕ್ಕಟ ಮಾಡುತ್ತೀರಿ? ಮೂರನೆಯದಕ್ಕೆ "ದಿನಕ್ಕಲ್ಲ, ವಾರಕ್ಕೆ ಎರಡು ಸಲ" ಎಂದು ತಲೆ ತಗ್ಗಿಸಿದೆ. ಮುಚ್ಚಳ ವಾಸನೆಯನ್ನು ಇಲ್ಲವಾಗಿಸುವುದಿಲ್ಲ. ನಮಗೆ ಬಾರದ ಹಾಗೆ ಬೆಕ್ಕಿಗೇ ಕೂಡಿಡುತ್ತದೆ. ದಿನವೂ ಶುಚಿ ಮಾಡಿದರೆ ಬಹಳಷ್ಟು ಬೆಕ್ಕುಗಳಿಗೆ ಮುಚ್ಚಳ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ ಎಂದು 2013ರ ಒಂದು ಅಧ್ಯಯನ ಹೇಳುತ್ತದೆ. ನಾವು ಮಾಡುತ್ತಿರಲಿಲ್ಲವಲ್ಲ!

ಅಳತೆಯ ಲೆಕ್ಕ ಹೀಗೆ: ಬೆಕ್ಕಿನ ಮೂಗಿನಿಂದ ಬಾಲದ ಬುಡದವರೆಗೆ ಎಷ್ಟಿದೆಯೋ, ಪೆಟ್ಟಿಗೆ ಅದರ ಒಂದೂವರೆಯಷ್ಟು ಉದ್ದ ಇರಬೇಕು. ಗುಂಡ 18 ಇಂಚು, ಅಂದರೆ 27 ಇಂಚಿನ ಪೆಟ್ಟಿಗೆ. ನಮ್ಮದು ಇದ್ದದ್ದು 19 ಇಂಚು. ಅವನು ಒಳಗೆ ತಿರುಗುವುದೇ ಕಷ್ಟ, ಇನ್ನು ಕೆದರುವುದೆಲ್ಲಿ? ಅಂಗಡಿಯಲ್ಲಿ ಅಷ್ಟು ದೊಡ್ಡದು ಸುಲಭಕ್ಕೆ ಸಿಗಲಿಲ್ಲ. ಕೊನೆಗೆ ನಮ್ಮನೆಯವರು ಚಳಿಗಾಲದ ಬಟ್ಟೆ ತುಂಬಿಡುವ ದೊಡ್ಡ ಪ್ಲಾಸ್ಟಿಕ್ ಡಬ್ಬಿ ತಂದು, ಒಂದು ಬದಿಯನ್ನು ಐದು ಇಂಚು ಎತ್ತರಕ್ಕೆ ಕತ್ತರಿಸಿ, ಅಂಚಿಗೆ ಟೇಪ್ ಸುತ್ತಿದರು. ಮುದಿ ಬೆಕ್ಕು ಅಥವಾ ಮರಿಯಾದರೆ ಆ ಬದಿ ಇನ್ನೂ ತಗ್ಗಿರಬೇಕು. ಒಳಗೆ ವಾಸನೆಯಿಲ್ಲದ, ಒದ್ದೆಯಾದರೆ ಉಂಡೆ ಕಟ್ಟುವ ಬೆಂಟೊನೈಟ್ ಲಿಟ್ಟರ್, ಎರಡು ಇಂಚು. ಜಾಗ ಮೇಲಿನ ಮಹಡಿಯ ಸದ್ದಿಲ್ಲದ ಮೂಲೆ, ಅವನ ಊಟದ ತಟ್ಟೆಯಿಂದ ದೂರ. ಇಂಥದ್ದೇ ಇನ್ನೊಂದು ಕೆಳಗೆ. ಒಂದು ಬೆಕ್ಕಿಗೆ ಎರಡು, ಎರಡಕ್ಕೆ ಮೂರು ಎನ್ನುವುದು ವೈದ್ಯರ ಸಲಹೆ. ನಾಲ್ಕೇ ದಿನದಲ್ಲಿ ಸೋಫಾ ಬಚಾವಾಯಿತು.

"ಬೆಕ್ಕಿಗೆ ಎರಡೆರಡು ಕಕ್ಕಸಾ? ನಿನ್ನ ತಾತನ ಮನೆಯಲ್ಲಿ ಹದಿನಾಲ್ಕು ಜನಕ್ಕೆ ಒಂದಿತ್ತು ಕಣೇ" ಎಂದರು ಅಮ್ಮ. ಆದರೆ ಉಂಡೆ ತೆಗೆಯುವ ಕೆಲಸವನ್ನು ಅವರೇ ವಹಿಸಿಕೊಂಡರು, ದಿನಾ ಬೆಳಿಗ್ಗೆ ಸ್ನಾನಕ್ಕೆ ಮುಂಚೆ. (ಬಸುರಿಯರಿರುವ ಮನೆಯಲ್ಲಿ ಈ ಕೆಲಸ ಬೇರೆಯವರೇ ಮಾಡಬೇಕು, ದಿನವೂ ಮಾಡಬೇಕು. ಮಲದಲ್ಲಿ ಬರಬಹುದಾದ ಟಾಕ್ಸೊಪ್ಲಾಸ್ಮಾ ಪರಾವಲಂಬಿ ಸೋಂಕು ತಗುಲಿಸುವ ಸ್ಥಿತಿಗೆ ಬರಲು ಒಂದರಿಂದ ಐದು ದಿನ ಬೇಕು. ಹಾಗೆಂದು ಬೆಕ್ಕನ್ನೇ ಮನೆಯಿಂದ ಕಳಿಸಬೇಕಿಲ್ಲ.)

ಅಮ್ಮ ಹೊರಡಲು ಎರಡು ವಾರ ಇರುವಾಗ ಒಂದು ಭಾನುವಾರ. ಕನ್ನಡ ಕೂಟದ ಯುಗಾದಿ ಕಾರ್ಯಕ್ರಮಕ್ಕೆ ಎಲ್ಲರೂ ಸಿದ್ಧರಾಗಿದ್ದೇವೆ. ಅಮ್ಮ ಮಾತ್ರ ಮಹಡಿಯಿಂದ ಇಳಿಯಲಿಲ್ಲ. "ಇವನು ಬೆಳಗಿನಿಂದ ಐದು ಸಲ ಬಂದು ಕೂತ ಕಣೇ. ಮುಕ್ಕುತ್ತಾನೆ, ಕೂಗುತ್ತಾನೆ. ಮರಳು ನೋಡು, ಒಣಗೇ ಇದೆ. ಒಂದೂ ಉಂಡೆಯಿಲ್ಲ" ಎಂದರು. ಮಲಬದ್ಧತೆ ಇರಬೇಕು, ಸಂಜೆ ಬಂದು ನೋಡೋಣ ಎಂದೆ ನಾನು. ಅಮ್ಮ ಒಪ್ಪಲಿಲ್ಲ. ಪ್ರಾಣಿಗಳ ತುರ್ತು ಆಸ್ಪತ್ರೆಗೆ ಫೋನ್ ಮಾಡಿದರೆ, "ಗಂಡು ಬೆಕ್ಕೇ? ಈಗಲೇ ಕರೆತನ್ನಿ" ಎಂದರು.

ಮೂತ್ರನಾಳ ಕಟ್ಟಿಕೊಂಡಿತ್ತು. ಗಂಡು ಬೆಕ್ಕುಗಳಿಗೆ ಆ ನಾಳ ಬಹಳ ಸಪೂರ. ಪೂರ್ತಿ ಕಟ್ಟಿಕೊಂಡರೆ ಒಂದೆರಡು ದಿನದಲ್ಲೇ ಜೀವ ಹೋಗಬಹುದಂತೆ. ಅರಿವಳಿಕೆ ಕೊಟ್ಟು ನಳಿಕೆ ಹಾಕಿ, ಮೂರು ದಿನ ಅಲ್ಲೇ ಇಟ್ಟುಕೊಂಡರು. ಬಿಲ್ಲಿನ ಮಾತು ಬೇಡ ಬಿಡಿ, ಅಮ್ಮನಿಗೆ ಇವತ್ತಿಗೂ ಹೇಳಿಲ್ಲ. ಆ ಮುಚ್ಚಳದ ಪೆಟ್ಟಿಗೆ ಬೇಸ್‌ಮೆಂಟಿನಲ್ಲೇ ಇದ್ದಿದ್ದರೆ, ವಾರಕ್ಕೆರಡು ಸಲ ನೋಡುವ ನಮಗೆ ಏನು ತಿಳಿಯುತ್ತಿತ್ತು?

ತಾನೇ ಚೊಕ್ಕಟ ಮಾಡಿಕೊಳ್ಳುವ ಯಂತ್ರದ ಪೆಟ್ಟಿಗೆ ತರೋಣ ಎಂದು ನಮ್ಮನೆಯವರು ಈಗಲೂ ಆಗಾಗ ಆಸೆ ಪಡುತ್ತಾರೆ. ಬೆಕ್ಕು ಎಷ್ಟು ಸಲ ಹೋಯಿತು ಎಂದು ಫೋನಿಗೇ ಸುದ್ದಿ ಕಳಿಸುವಂಥವೂ ಬಂದಿವೆ. ಬೆಲೆ ನೂರಾರು ಡಾಲರ್. ಮೋಟಾರಿನ ಸದ್ದಿಗೆ ಗುಂಡ ಹತ್ತಿರವೂ ಸುಳಿಯಲಾರ ಎಂದು ನನ್ನ ಅನುಮಾನ. ಸದ್ಯಕ್ಕೆ ಡಬ್ಬಿಯೇ ಇದೆ. ಮಹಡಿಗೆ ಬಂದವರ ಕಣ್ಣಿಗೆ ಬೀಳುತ್ತದೆ, ಬೀಳಲಿ. ಅಮ್ಮ ಮೈಸೂರಿನಿಂದ ಫೋನ್ ಮಾಡಿದಾಗ ಮೊದಲು ಕೇಳುವುದು ಮೊಮ್ಮಗಳನ್ನಲ್ಲ, ಅಳಿಯನನ್ನೂ ಅಲ್ಲ. "ಇವತ್ತು ಗುಂಡಂದು ಎಷ್ಟು ಉಂಡೆ?"