ನರಿಗೆ ಬಾಣ ಹೂಡುವ ಮುನ್ನ

ಯಡ್ತರೆಯ ಪಡುವಣಕ್ಕೆ ಬೈಂದೂರಿನ ಕಡಲು, ಮೂಡಣಕ್ಕೆ ಕೊಲ್ಲೂರಿನ ಕಾಡು. ನಡುವಿನ ಗದ್ದೆ, ಹಾಡಿ, ಗುಡ್ಡಗಳಲ್ಲಿ ಮುಸ್ಸಂಜೆ ನರಿ ಕೂಗಿದರೆ ಬೆಚ್ಚುವವರಿಲ್ಲ. ಅದು ಊರಿನದೇ ಸದ್ದು. ಈಗ ಮೊಬೈಲಿನಲ್ಲಿ ಅಮೆರಿಕದ ಬೇಟೆಗಾರರು ಕಯೋಟಿ ಎಂಬ ಪ್ರಾಣಿಗೆ ಬಾಣ ಬಿಡುವ ವಿಡಿಯೊ ನೋಡಿದವರಿಗೆ ಅದೇ ಸದ್ದು ಬೇರೆ ಆಸೆ ಹುಟ್ಟಿಸುತ್ತಿದೆ. "ಕೋವಿ ಅಲ್ಲ ಅಲ್ದಾ ಮಾರಾಯಾ, ಬಿಲ್ಲ್. ಎಂತ ಆತಿಲ್ಲೆ" ಎನ್ನುವ ಧೈರ್ಯ ಬೇರೆ. ಆ ಮಾತಿನಿಂದಲೇ ಶುರು ಮಾಡುತ್ತೇನೆ.

ತಪ್ಪು ಕಲ್ಪನೆ: ಕಾನೂನು ಇರುವುದು ಕೋವಿಗೆ, ಬಿಲ್ಲಿಗಲ್ಲ.

ವಾಸ್ತವ: 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಆಯುಧ ಎಂದರೇನು ಎಂದು ವಿವರಿಸುವಾಗ ಬಿಲ್ಲು ಬಾಣವನ್ನು ಹೆಸರು ಹಿಡಿದೇ ಹೇಳಿದೆ. ಕೋವಿ, ಚೂರಿ, ಬಲೆ, ವಿಷ, ಉರುಳು ಎಲ್ಲವೂ ಅದೇ ಸಾಲಿನಲ್ಲಿವೆ. ಬೇಟೆ ಎಂಬುದಕ್ಕೂ ಅಲ್ಲಿ ಕೊಲ್ಲುವುದೊಂದೇ ಅರ್ಥವಲ್ಲ. ಅಟ್ಟಿಸಿಕೊಂಡು ಹೋಗುವುದು, ಆಮಿಷ ಇಡುವುದು, ಉರುಳು ಒಡ್ಡುವುದು, ಇವುಗಳಿಗೆ ಪ್ರಯತ್ನಿಸುವುದು ಕೂಡ ಬೇಟೆಯೇ. ಹಾಗಾಗಿ ಬಾಣ ಗುರಿ ತಪ್ಪಿದರೂ ಅಪರಾಧ ತಪ್ಪುವುದಿಲ್ಲ. 2022ರ ತಿದ್ದುಪಡಿಯಲ್ಲಿ ನರಿ ಒಂದನೇ ಅನುಸೂಚಿಗೆ ಬಂತು. ಹುಲಿ, ಆನೆಗಳಿರುವ ಪಟ್ಟಿ ಅದು. 2023ರ ಏಪ್ರಿಲ್ 1ರಿಂದ ಇದು ಜಾರಿಯಲ್ಲಿದೆ. ತಪ್ಪು ಸಾಬೀತಾದರೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು, ಜೊತೆಗೆ ಕನಿಷ್ಠ 25,000 ರೂಪಾಯಿ ದಂಡ. ಒಂದು ರಾತ್ರಿಯ ಹುಮ್ಮಸ್ಸಿಗೆ ಒಬ್ಬ ಹುಡುಗ ತೆರಬೇಕಾದ ಬೆಲೆ ಇದು.

ತಪ್ಪು ಕಲ್ಪನೆ: ಕಯೋಟಿ, ನರಿ ಎರಡೂ ಒಂದೇ. ಅಲ್ಲಿ ಹೊಡೆಯಬಹುದಾದರೆ ಇಲ್ಲೇಕೆ ಬೇಡ?

ವಾಸ್ತವ: ಎರಡೂ ನಾಯಿಯ ಕುಲದವೇ, ಆದರೆ ಪ್ರಭೇದ ಬೇರೆ. ಕಯೋಟಿ ಇರುವುದು ಉತ್ತರ ಮತ್ತು ಮಧ್ಯ ಅಮೆರಿಕದಲ್ಲಿ ಮಾತ್ರ. ಅಲ್ಲಿನ ಹಲವು ರಾಜ್ಯಗಳಲ್ಲಿ ಅದರ ಬೇಟೆಗೆ ಅವಕಾಶ ಇರುವುದು ನಿಜ. ಆದರೆ ಕೊಂದದ್ದರಿಂದ ಆದದ್ದೇನು? ನೂರಕ್ಕೂ ಹೆಚ್ಚು ವರ್ಷ ತಲೆಗೆ ಬಹುಮಾನ ಕಟ್ಟಿ, ವಿಷ ಇಟ್ಟು, ಗುಂಡು ಹೊಡೆದರೂ ಕಯೋಟಿ ಕಡಿಮೆಯಾಗಲಿಲ್ಲ. ಪಶ್ಚಿಮದ ಬಯಲು, ಮರುಭೂಮಿಗಳಲ್ಲಿದ್ದದ್ದು ಪೂರ್ವದ ನಗರಗಳವರೆಗೆ, ದಕ್ಷಿಣದಲ್ಲಿ ಪನಾಮಾವರೆಗೆ ಹಬ್ಬಿತು. ಅದಕ್ಕೆ ದಾರಿ ಮಾಡಿಕೊಟ್ಟ ದೊಡ್ಡ ಕಾರಣ ಮನುಷ್ಯರು ತೋಳವನ್ನು ಕೊಂದು ಮುಗಿಸಿದ್ದು.

ತಪ್ಪು ಕಲ್ಪನೆ: ಬಾಣದ ಸಾವು ಸದ್ದಿಲ್ಲದ, ನೋವಿಲ್ಲದ ಸಾವು.

ವಾಸ್ತವ: ಸದ್ದಿಲ್ಲ, ಅಷ್ಟೇ. ಬಾಣ ಕೊಲ್ಲುವುದು ರಕ್ತ ಹರಿಸಿ. ಸರಿಯಾದ ಜಾಗಕ್ಕೆ ತಾಗದಿದ್ದರೆ ನರಿ ಬಾಣದ ಸಮೇತ ಓಡುತ್ತದೆ, ಯಾವುದೋ ಪೊದೆಯಲ್ಲಿ ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ನರಳಿ ಸಾಯುತ್ತದೆ. ನರಿ ಜೋಡಿಯಾಗಿ ಬಾಳುವ ಪ್ರಾಣಿ. ಗಂಡು ಹೆಣ್ಣು ಸೇರಿಯೇ ಮರಿ ಸಾಕುತ್ತವೆ. ಒಂದಕ್ಕೆ ಬಾಣ ನೆಟ್ಟರೆ ಬಿಲದೊಳಗಿನ ಮರಿಗಳೂ ಹಸಿದು ಸಾಯಬಹುದು. ಇದನ್ನು ಆಟವೆಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ತಪ್ಪು ಕಲ್ಪನೆ: ನಮ್ಮ ಕೋಳಿ ಹಿಡಿದ ನರಿಯನ್ನು ಕೊಲ್ಲುವ ಹಕ್ಕು ನಮಗಿದೆ.

ವಾಸ್ತವ: ಇಲ್ಲ. ಮೈಮೇಲೆ ಬಿದ್ದಾಗ ಜೀವ ಉಳಿಸಿಕೊಳ್ಳಲು ಮಾಡಿದ್ದಕ್ಕೆ ಕಾಯ್ದೆಯಲ್ಲಿ ವಿನಾಯಿತಿ ಇದೆ, ಕೋಳಿಗಾಗಿ ಮಾಡಿದ್ದಕ್ಕಿಲ್ಲ. ಕೋಳಿ ಕಳೆದುಕೊಂಡವರ ಸಿಟ್ಟು ನನಗೆ ಅರ್ಥವಾಗುತ್ತದೆ. ಬಡವರ ಮನೆಯಲ್ಲಿ ಹೇಂಟೆಯೂ ಆಸ್ತಿಯೇ. ಅದಕ್ಕೆ ಮದ್ದು ಗಟ್ಟಿ ಗೂಡು. ಸಂಜೆಯಾಗುತ್ತಲೇ ಕೋಳಿ ಕೂಡಬೇಕು, ನರಿ ತೋಡಿ ನುಗ್ಗದಂತೆ ತಂತಿಬಲೆಯನ್ನು ನೆಲದೊಳಕ್ಕೂ ಇಳಿಸಬೇಕು. ಕೋಳಿ ಅಂಗಡಿಯ ಕಸವನ್ನು ಹಾಡಿಯ ಬದಿಗೆ ಸುರಿದು ನರಿಯನ್ನು ಮನೆಬಾಗಿಲಿಗೆ ಕರೆಯುವವರೂ ನಾವೇ.

ತಪ್ಪು ಕಲ್ಪನೆ: ನರಿಯಿಂದ ಉಪಕಾರವೇ ಇಲ್ಲ.

ವಾಸ್ತವ: ಗದ್ದೆಯ ಇಲಿ ಅದರ ಮುಖ್ಯ ಆಹಾರಗಳಲ್ಲೊಂದು. ಸತ್ತ ಪ್ರಾಣಿ, ಏಡಿ, ಉದುರಿದ ಹಣ್ಣು ಎಲ್ಲವನ್ನೂ ತಿನ್ನುತ್ತದೆ. ತಿಂದ ಹಣ್ಣಿನ ಬೀಜ ಹಿಕ್ಕೆಯ ಜೊತೆ ಹೊಸ ನೆಲಕ್ಕೆ ಬೀಳುತ್ತದೆ. ಕಡಲ ತೀರದಲ್ಲಿ ಆಮೆಯ ಮೊಟ್ಟೆ ತೋಡಿ ತಿನ್ನುವುದೂ ಉಂಟು, ಅದನ್ನು ಮುಚ್ಚಿಡುವುದಿಲ್ಲ. ಆದರೆ ಗೂಡಿನ ಸುತ್ತ ಬಲೆ ಕಟ್ಟಿ ಕಾದರೆ ಮೊಟ್ಟೆ ಉಳಿಯುತ್ತದೆ. ಅದಕ್ಕೆ ನರಿ ಸಾಯಬೇಕಾಗಿಲ್ಲ.

ತಪ್ಪು ಕಲ್ಪನೆ: ನರಿಕೊಂಬು ಮನೆಯಲ್ಲಿದ್ದರೆ ಅದೃಷ್ಟ.

ವಾಸ್ತವ: ನರಿಗೆ ಕೊಂಬೇ ಇಲ್ಲ. ಆ ಹೆಸರಿನಲ್ಲಿ ಮಾರುವುದು ಚರ್ಮ, ಕೂದಲು, ಉಗುರು ಸೇರಿಸಿ ಮಾಡಿದ ಉಂಡೆ. ಕೊಂಡವರ ಮೇಲೂ ಮೊಕದ್ದಮೆ ಬೀಳಬಹುದು.

ನರಿ ಕಚ್ಚಿದರೆ ಮಾತ್ರ ಉದಾಸೀನ ಸಲ್ಲದು. ಅದರಿಂದ ರೇಬಿಸ್ ಬರಬಹುದು. ಗಾಯವನ್ನು ಸಾಬೂನು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದು ಹಾಕಿಸಿಕೊಳ್ಳಿ. ಗಾಯಗೊಂಡ ನರಿ, ಉರುಳಿಗೆ ಸಿಕ್ಕ ನರಿ, ಬಿಲ್ಲು ಹಿಡಿದು ಹಾಡಿಗೆ ನುಗ್ಗುವವರು ಕಂಡರೆ ಅರಣ್ಯ ಇಲಾಖೆಯ 1926ಕ್ಕೆ ಫೋನ್ ಮಾಡಿ.