ಗುರುಗುಟ್ಟುವ ನಾಯಿಯ ಬಾಯಿ ಮುಚ್ಚಿಸಿದರೆ

ನಾಯಿ ಸಾಕಿದವರ ಬಾಯಲ್ಲಿ ಕೆಲವು ಮಾತುಗಳು ಸದಾ ಸಿದ್ಧವಾಗಿರುತ್ತವೆ. ‘ಹೆದರಬೇಡಿ, ನಮ್ಮದು ಏನೂ ಮಾಡೋದಿಲ್ಲ.’ ‘ಬಾಲ ಅಲ್ಲಾಡಿಸ್ತಿದೆ ನೋಡಿ, ನೀವಂದ್ರೆ ಇಷ್ಟ ಅದಕ್ಕೆ.’ ‘ಮಾಡಿದ ತಪ್ಪು ಗೊತ್ತದಕ್ಕೆ, ಮುಖ ಹೇಗೆ ಸಣ್ಣದು ಮಾಡ್ಕೊಂಡಿದೆ ನೋಡಿ.’ ‘ಮನೆಗೆ ಯಜಮಾನ ಯಾರು ಅಂತ ಮೊದಲೇ ತೋರಿಸಿಬಿಡಬೇಕು.’ ನಾಯಿ ಸಾಕದವರೂ ಹಿಂದೆ ಬಿದ್ದಿಲ್ಲ. ಬೊಗಳುವ ನಾಯಿ ಕಚ್ಚುವುದಿಲ್ಲ ಎಂಬ ಗಾದೆ ಅವರ ಪಾಲಿನದು. ಕೊನೆಗೊಂದು ದಿನ ನಾಯಿ ಕಚ್ಚುತ್ತದೆ. ಆಗ ಸಾಕಿದವರು, ಸಾಕದವರು ಎಲ್ಲರೂ ಒಂದೇ ದನಿಯಲ್ಲಿ, ‘ಏನೂ ಇಲ್ಲದೆ ಸುಮ್ಮಸುಮ್ಮನೆ ಕಚ್ಚಿಬಿಡ್ತು’ ಎನ್ನುತ್ತಾರೆ. ಇವು ಬೇರೆ ಬೇರೆ ತಪ್ಪು ತಿಳಿವಳಿಕೆಗಳಂತೆ ಕಾಣುತ್ತವೆ. ಆದರೆ ಕಳೆದ ಐವತ್ತು ವರ್ಷಗಳಲ್ಲಿ ನಾಯಿಗಳ ವರ್ತನೆಯ ಬಗ್ಗೆ ನಡೆದ ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದರೆ, ಮೊದಲಿನ ಮಾತುಗಳೇ ಕೊನೆಯ ಮಾತನ್ನು ಹುಟ್ಟಿಸುತ್ತವೆ ಎಂದು ವಾದಿಸಲು ಸಾಕಷ್ಟು ಆಧಾರ ಸಿಗುತ್ತದೆ. ನಾಯಿ ಮೈಯೆಲ್ಲ ಬಾಯಾಗಿ ಹೇಳುತ್ತಿರುವುದನ್ನು ನಾವು ಅದರ ಗುಣನಡತೆಯ ಸರ್ಟಿಫಿಕೇಟು ಎಂದು ಓದಿಕೊಳ್ಳುತ್ತೇವೆ. ಅದು ಹೇಳುತ್ತಿರುವುದಾದರೋ ಬಹುಪಾಲು ಒಂದೇ ವಿಷಯ: ನಿನಗೂ ನನಗೂ ನಡುವೆ ಎಷ್ಟು ದೂರ ಇರಬೇಕು ಎಂಬುದು.

ಚಾರ್ಲ್ಸ್ ಡಾರ್ವಿನ್ ಇದನ್ನು ಬಹಳ ಹಿಂದೆಯೇ ಗಮನಿಸಿದ್ದ. ಮನುಷ್ಯರ ಮತ್ತು ಪ್ರಾಣಿಗಳ ಭಾವಾಭಿವ್ಯಕ್ತಿ ಕುರಿತ 1872ರ ಪುಸ್ತಕದಲ್ಲಿ ಅವನು ವರ್ಣಿಸುವ ನಾಯಿ ಅಪರಿಚಿತನೆಂದುಕೊಂಡು ಸೆಟೆದು, ಬಾಲ ನೆಟ್ಟಗೆ ಮಾಡಿ, ಕೂದಲು ನಿಮಿರಿಸಿ ನಡೆದು ಬರುತ್ತದೆ. ಬಂದವನು ತನ್ನ ಒಡೆಯನೇ ಎಂದು ಗೊತ್ತಾದ ಕ್ಷಣ ಅದೇ ಮೈ ಬಾಗಿ, ಕಿವಿ ಹಿಂದಕ್ಕೆ ಸರಿದು, ಬಾಲ ತಗ್ಗಿ ತೂಗಾಡತೊಡಗುತ್ತದೆ. ಒಂದು ಭಂಗಿ ‘ಹತ್ತಿರ ಬರಬೇಡ’ ಎಂದರೆ ಅದಕ್ಕೆ ಎಲ್ಲ ರೀತಿಯಲ್ಲೂ ವಿರುದ್ಧವಾದ ಇನ್ನೊಂದು ಭಂಗಿ ‘ನನ್ನಿಂದ ಅಪಾಯವಿಲ್ಲ’ ಎನ್ನುತ್ತದೆ. ಇವೆರಡರ ನಡುವೆ ಹತ್ತಾರು ಮೆಟ್ಟಿಲುಗಳಿವೆ. ಮುಖ ಆಚೆ ತಿರುಗಿಸುವುದು, ಹಸಿವಿಲ್ಲದಿದ್ದರೂ ತುಟಿ ನೆಕ್ಕಿಕೊಳ್ಳುವುದು, ನಿದ್ದೆಯಿಲ್ಲದೆ ಆಕಳಿಸುವುದು, ಒಂದು ಮುಂಗಾಲು ಎತ್ತಿ ನಿಲ್ಲುವುದು, ಕಣ್ಣಂಚಿನ ಬಿಳಿ ಕಾಣುವಂತೆ ಓರೆನೋಟ ಬೀರುವುದು, ಇದ್ದಕ್ಕಿದ್ದಂತೆ ಕಲ್ಲಿನಂತೆ ಸ್ತಬ್ಧವಾಗುವುದು, ಆಮೇಲೆ ಗುರುಗುಟ್ಟುವುದು, ಹಲ್ಲು ತೋರಿಸುವುದು, ಗಾಳಿಯಲ್ಲಿ ಕಚ್ಚಿದಂತೆ ಮಾಡುವುದು. ಕಚ್ಚುವುದು ಈ ಸಾಲಿನ ಕಟ್ಟಕಡೆಯದು. ಎಲ್ಲ ನಾಯಿಗಳೂ ಎಲ್ಲ ಮೆಟ್ಟಿಲುಗಳನ್ನೂ ಕ್ರಮವಾಗಿ ಹತ್ತುತ್ತವೆಂದಲ್ಲ. ಆದರೆ ಕಾದಾಟ ನಾಯಿಗೂ ದುಬಾರಿಯೇ. ಅದನ್ನು ತಪ್ಪಿಸಲೆಂದೇ ವಿಕಾಸದಲ್ಲಿ ರೂಪುಗೊಂಡ ಏರ್ಪಾಡು ಇದು.

ಹೀಗೆ ನೋಡಿದಾಗ ‘ತಪ್ಪಿತಸ್ಥ ಮುಖ’ದ ಒಗಟು ಬಿಡಿಸಿಕೊಳ್ಳುತ್ತದೆ. ನ್ಯೂಯಾರ್ಕಿನ ಬರ್ನಾರ್ಡ್ ಕಾಲೇಜಿನ ಅಲೆಕ್ಸಾಂಡ್ರಾ ಹೊರೊವಿಟ್ಜ್ 2009ರಲ್ಲಿ ಪ್ರಕಟಿಸಿದ ಪ್ರಯೋಗ ಸರಳವಾದದ್ದು, ಸ್ವಲ್ಪ ಕುಚೋದ್ಯದ್ದೂ ಹೌದು. 14 ನಾಯಿಗಳು, ಅವುಗಳ ಒಡೆಯರು. ಒಡೆಯರು ತಿಂಡಿಯ ತುಣುಕು ತೋರಿಸಿ, ತಿನ್ನಬೇಡವೆಂದು ಹೇಳಿ ಕೋಣೆಯಿಂದ ಹೊರಗೆ ಹೋಗುತ್ತಿದ್ದರು. ತಿಂಡಿಯನ್ನು ಪ್ರಯೋಗ ನಡೆಸುವವರು ಒಮ್ಮೆ ನಾಯಿಗೇ ಕೊಟ್ಟುಬಿಡುತ್ತಿದ್ದರು, ಒಮ್ಮೆ ತೆಗೆದಿಡುತ್ತಿದ್ದರು. ಮರಳಿ ಬಂದ ಒಡೆಯರಿಗೆ ಕೆಲವೊಮ್ಮೆ ನಿಜ, ಕೆಲವೊಮ್ಮೆ ಸುಳ್ಳು ಹೇಳಿ ಬೈಯಲು ಅಥವಾ ಅಕ್ಕರೆಯಿಂದ ಮಾತಾಡಿಸಲು ಬಿಡುತ್ತಿದ್ದರು. ತಿಂದ ನಾಯಿಗೂ ತಿನ್ನದ ನಾಯಿಗೂ ಮುಖಭಾವದಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ಬೈಸಿಕೊಂಡದ್ದಕ್ಕೂ ಬೈಸಿಕೊಳ್ಳದ್ದಕ್ಕೂ ಕಂಡಿತು. ತಿಂಡಿ ಮುಟ್ಟದೆ ಬೈಗುಳ ತಿಂದ ನಿರಪರಾಧಿಗಳ ಮುಖವೇ ಎಲ್ಲರಿಗಿಂತ ಹೆಚ್ಚು ‘ತಪ್ಪಿತಸ್ಥ’ವಾಗಿತ್ತು. ನಮಗೆ ಪಶ್ಚಾತ್ತಾಪವಾಗಿ ಕಾಣುವುದು ಒಡೆಯನ ಸಿಟ್ಟನ್ನು ಶಮನ ಮಾಡುವ ಪ್ರಯತ್ನ, ಅಷ್ಟೇ. ಇಲ್ಲಿ ಸಾಕಿದವರ ಆಕ್ಷೇಪ ಒಂದಿದೆ, ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ: ‘ನಾನು ಬೈಯುವ ಮೊದಲೇ, ಬಾಗಿಲು ತೆಗೆದ ಕೂಡಲೇ ಅದು ಮೂಲೆ ಸೇರಿರುತ್ತದಲ್ಲ?’ ಸೇರಿರುತ್ತದೆ, ನಿಜ. ನೆಲದ ಮೇಲೆ ಉಚ್ಚೆ ಇದೆ, ಒಡೆಯ ಒಳಗೆ ಬಂದ ಎಂಬ ಎರಡು ಸಂಗತಿಗಳು ಸೇರಿದಾಗ ಏಟು ಬೀಳುತ್ತದೆಂದು ಹಿಂದಿನ ಅನುಭವ ಅದಕ್ಕೆ ಕಲಿಸಿದೆ. ಉಚ್ಚೆ ಹೊಯ್ದದ್ದು ಯಾರು ಎಂಬುದು ಆ ಲೆಕ್ಕದಲ್ಲಿ ಇರಲೇಬೇಕಿಲ್ಲ. 2015ರಲ್ಲಿ ಓಸ್ಟೊಯಿಚ್, ಕ್ಲೇಟನ್ ಮತ್ತು ಸಂಗಡಿಗರು ಇದೇ ಪ್ರಶ್ನೆ ಇಟ್ಟುಕೊಂಡು ಪರೀಕ್ಷಿಸಿದಾಗ, ಒಡೆಯರು ಬೈಯದಿದ್ದರೆ ನಾಯಿಯ ಸ್ವಂತ ಕೃತ್ಯವಾಗಲಿ ಕೃತ್ಯದ ಕುರುಹಾಗಲಿ ಆ ಮುಖವನ್ನು ತರಿಸಿದ್ದಕ್ಕೆ ಆಧಾರ ಸಿಗಲಿಲ್ಲ. ನಾಯಿಗೆ ಅಪರಾಧಪ್ರಜ್ಞೆಯೇ ಇಲ್ಲವೆಂದು ಇದರಿಂದ ಸಾಬೀತಾಗುವುದಿಲ್ಲ. ಮುಖ ನೋಡಿ ಅಪರಾಧಿಯನ್ನು ಹಿಡಿಯುವ ನಮ್ಮ ವಿದ್ಯೆ ಕೆಲಸಕ್ಕೆ ಬಾರದು ಎಂಬುದು ಮಾತ್ರ ಸಾಬೀತಾಗುತ್ತದೆ.

ಬಾಲದ ಕಥೆ ಇನ್ನೂ ಸೂಕ್ಷ್ಮ. ಬಾಲ ಆಡುತ್ತಿದೆಯೆಂದರೆ ನಾಯಿ ಉದ್ರಿಕ್ತವಾಗಿದೆ ಎಂದಷ್ಟೇ ಅರ್ಥ. ಉದ್ರೇಕ ಸಂತೋಷದ್ದೋ ಕೋಪದ್ದೋ ಅಂಜಿಕೆಯದೋ ಎಂಬುದನ್ನು ಉಳಿದ ಮೈ ಹೇಳಬೇಕು. ಮೈಯೆಲ್ಲ ಸಡಿಲವಾಗಿ, ಹಿಂಭಾಗವೂ ಬಾಲದ ಜೊತೆ ಓಲಾಡುತ್ತಿದ್ದರೆ ಸರಿ. ಎತ್ತರಕ್ಕೆ ಬಿಗಿಯಾಗಿ ನಿಂತ ಬಾಲದ ತುದಿ ಮಾತ್ರ ಬಿರುಸಾಗಿ ಮಿಡಿಯುತ್ತಿದ್ದರೆ ಕೈ ಚಾಚದಿರುವುದು ಮೇಲು. ಇಟಲಿಯ ಬಾರಿ ನಗರದ ಕ್ವರಾಂಟಾ, ಸಿನಿಸ್ಕಾಲ್ಕಿ ಮತ್ತು ನರವಿಜ್ಞಾನಿ ವಲ್ಲೊರ್ಟಿಗಾರಾ 2007ರಲ್ಲಿ 30 ನಾಯಿಗಳ ಬಾಲದ ಚಲನೆಯನ್ನು ವಿಡಿಯೊದಲ್ಲಿ ಅಳೆದರು. ಒಡೆಯನನ್ನು ಕಂಡಾಗ ಬಾಲ ನಾಯಿಯ ಬಲಕ್ಕೆ ಹೆಚ್ಚು ಹೊರಳುತ್ತಿತ್ತು, ಅಪರಿಚಿತ ದರ್ಪದ ನಾಯಿಯನ್ನು ಕಂಡಾಗ ಎಡಕ್ಕೆ. ಮೈಯ ಒಂದು ಬದಿಯನ್ನು ಮಿದುಳಿನ ಎದುರು ಬದಿಯ ಅರ್ಧಗೋಳ ನಡೆಸುತ್ತದೆ. ಹತ್ತಿರ ಸಾರುವ ಭಾವಗಳು ಎಡ ಅರ್ಧಗೋಳಕ್ಕೆ, ಹಿಂಜರಿಯುವ ಭಾವಗಳು ಬಲ ಅರ್ಧಗೋಳಕ್ಕೆ ಹೆಚ್ಚು ಒಲಿದಿವೆ ಎಂಬುದು ಅವರ ವಿವರಣೆ. 2013ರಲ್ಲಿ ಅದೇ ತಂಡ ಬೇರೆ ನಾಯಿಗಳಿಗೆ ಈ ಚಲನೆಗಳ ಚಿತ್ರ ತೋರಿಸಿದಾಗ, ಎಡಕ್ಕೆ ಹೊರಳುವ ಬಾಲ ನೋಡಿದವುಗಳ ಎದೆಬಡಿತ ಏರಿತು. ರಸ್ತೆಯಲ್ಲಿ ನಿಂತು ಬಾಲದ ಕೋನ ಅಳೆಯುವುದು ನಮ್ಮಿಂದಾಗದ ಕೆಲಸ, ಯಾರೂ ಅದನ್ನು ಕೇಳುತ್ತಲೂ ಇಲ್ಲ. ಬಾಲ ಆಡಿತೆಂದ ಮಾತ್ರಕ್ಕೆ ಬೇರೆಯವರ ಮಗುವಿನ ಕೈಯನ್ನು ನಾಯಿಯ ತಲೆ ಮೇಲೆ ಇಡಿಸದಿದ್ದರೆ ಸಾಕು.

ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡಿದ್ದು ಯಜಮಾನಿಕೆಯ ಸಿದ್ಧಾಂತ. ಇದು ಅಜ್ಞಾನದಿಂದ ಹುಟ್ಟಿದ್ದಲ್ಲ, ಅರೆಬೆಂದ ವಿಜ್ಞಾನದಿಂದ ಹುಟ್ಟಿದ್ದು. ರುಡಾಲ್ಫ್ ಶೆಂಕೆಲ್ 1947ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮೃಗಾಲಯದ ತೋಳಗಳ ಬಗ್ಗೆ ಬರೆದ. ಒಂದಕ್ಕೊಂದು ಸಂಬಂಧವಿಲ್ಲದ ತೋಳಗಳನ್ನು ಇಕ್ಕಟ್ಟಾದ ಆವರಣದಲ್ಲಿ ಕೂಡಿದಾಗ ಅವು ಮೇಲುಗೈಗಾಗಿ ಕಾದಾಡಿದವು. ಅಮೆರಿಕದ ಡೇವಿಡ್ ಮೀಚ್ 1970ರ ತನ್ನ ಜನಪ್ರಿಯ ಪುಸ್ತಕದಲ್ಲಿ ಕಾದಾಡಿ ಗೆದ್ದು ಗುಂಪನ್ನಾಳುವ ‘ಆಲ್ಫಾ’ ತೋಳದ ಕಲ್ಪನೆಯನ್ನು ಜಗತ್ತಿಗೆಲ್ಲ ಹರಡಿದ. ಆಮೇಲೆ ಅದೇ ಮೀಚ್ 1986ರಿಂದ ಕೆನಡಾದ ಎಲ್ಸ್‌ಮಿಯರ್ ದ್ವೀಪದಲ್ಲಿ ಬೇಸಿಗೆಗಳನ್ನು ಕಾಡುತೋಳಗಳ ನಡುವೆ ಕಳೆದು, 1999ರಲ್ಲಿ ಬರೆದದ್ದು ಬೇರೆಯೇ: ಕಾಡಿನ ತೋಳಗುಂಪು ಎಂದರೆ ಸಾಮಾನ್ಯವಾಗಿ ಅಪ್ಪ, ಅಮ್ಮ, ಮಕ್ಕಳ ಸಂಸಾರ, ಮುಂದಾಳುಗಳು ಹೆತ್ತವರು, ಅವರೇನೂ ಪಟ್ಟಕ್ಕಾಗಿ ಹೊಡೆದಾಡಿ ಗೆದ್ದವರಲ್ಲ. ಅಷ್ಟರಲ್ಲಿ ಹಳೆಯ ಕಲ್ಪನೆ ನಾಯಿ ತರಬೇತಿದಾರರ ಕೈಗೆ ಸಿಕ್ಕಾಗಿತ್ತು. ನ್ಯೂಯಾರ್ಕ್ ರಾಜ್ಯದ ನ್ಯೂ ಸ್ಕೀಟ್ ಮಠದ ಸನ್ಯಾಸಿಗಳು 1978ರ ತಮ್ಮ ಪುಸ್ತಕದಲ್ಲಿ ನಾಯಿಯನ್ನು ಬಲವಂತವಾಗಿ ಅಂಗಾತ ಕೆಡವಿ ಹಿಡಿಯುವ ಶಿಕ್ಷೆಯನ್ನು ಜನಪ್ರಿಯಗೊಳಿಸಿದರು. 2002ರ ಪರಿಷ್ಕೃತ ಆವೃತ್ತಿಯಲ್ಲಿ ಆ ಸಲಹೆಯನ್ನು ಕೈಬಿಟ್ಟರು. ತೋಳವಾಗಲಿ ನಾಯಿಯಾಗಲಿ ಇನ್ನೊಂದರೆದುರು ಅಂಗಾತ ಮಲಗುವುದು ತಾನಾಗಿ. ಯಾರೂ ಕೆಡವುವುದಿಲ್ಲ. ಹಾಗೆ ಕೆಡವಿ ಹಿಡಿದರೆ ನಾಯಿಗೆ ಅದು ಕೊಲ್ಲುವ ಯತ್ನವಾಗಿಯೇ ಕಂಡೀತು.

ನಾಯಿಗಳ ನಡುವೆ ಮೇಲುಕೀಳೇ ಇಲ್ಲವೆ ಎಂದು ಕೇಳಬಹುದು. ಇದೆ. ರೋಮ್ ಹೊರವಲಯದ ಬೀದಿನಾಯಿ ಗುಂಪೊಂದನ್ನು ಗಮನಿಸಿದ ಇಟಲಿಯ ಸಂಶೋಧಕರು 2010ರಲ್ಲಿ ಅಂಥ ಶ್ರೇಣಿಯನ್ನು ದಾಖಲಿಸಿದ್ದಾರೆ. ಆದರೆ ನಾಯಿನಾಯಿಗಳ ನಡುವೆ ಶ್ರೇಣಿಯಿದ್ದ ಮಾತ್ರಕ್ಕೆ ಸೋಫಾ ಹತ್ತಿದ ಲ್ಯಾಬ್ರಡಾರ್ ಮನೆಯ ಪಟ್ಟಕ್ಕೆ ಹೊಂಚು ಹಾಕಿದೆ ಎಂದಾಗುವುದಿಲ್ಲ. ಸೋಫಾ ಮೆತ್ತಗಿದೆ, ಅದಕ್ಕೇ ಹತ್ತಿದೆ. ಹಗ್ಗ ಎಳೆಯುವ ನಾಯಿ ಮುಂದೆ ಹೋಗಬೇಕೆಂದು ಎಳೆಯುತ್ತದೆ, ನಿಮ್ಮನ್ನು ಆಳಬೇಕೆಂದಲ್ಲ. ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿ: ‘ಹೊಡೆದರೆ ನಿಲ್ಲಿಸುತ್ತದಲ್ಲ?’ ನಿಲ್ಲಿಸುತ್ತದೆ, ಹಲವು ಸಲ ತಕ್ಷಣವೇ. ನಿಂತದ್ದು ಯಾವುದು ಎಂಬುದೇ ಪ್ರಶ್ನೆ. ಊಟದ ತಟ್ಟೆಗೆ ಕೈ ಹಾಕಿದಾಗ ಗುರುಗುಟ್ಟಿದ ನಾಯಿಗೆ ಏಟು ಬಿದ್ದರೆ ಗುರುಗುಟ್ಟುವುದು ನಿಲ್ಲುತ್ತದೆ. ತಟ್ಟೆಯ ಹತ್ತಿರ ಬರುವ ಕೈಯ ಬಗೆಗಿನ ಅಂಜಿಕೆ ಇಮ್ಮಡಿಸುತ್ತದೆ. ಸದ್ದು ಕಿರಿಕಿರಿಯೆಂದು ಕುಕ್ಕರಿನ ವೆಯ್ಟನ್ನು ಒತ್ತಿ ಹಿಡಿದವರು ಒಲೆ ಆರಿಸಿದಂತಾಗುವುದಿಲ್ಲ. ಮುಂದೆ ಆ ನಾಯಿ ಮೊದಲ ಮೆಟ್ಟಿಲುಗಳನ್ನೆಲ್ಲ ಬಿಟ್ಟು ನೇರವಾಗಿ ಕೊನೆಯದಕ್ಕೆ ಬಂದರೆ ‘ಸುಮ್ಮಸುಮ್ಮನೆ ಕಚ್ಚಿತು’ ಎಂಬ ಹೇಳಿಕೆ ಒಂದರ್ಥದಲ್ಲಿ ನಿಜವೇ, ಮುನ್ಸೂಚನೆಯನ್ನು ಅಳಿಸಿದವರು ನಾವೇ ಎಂಬ ಒಂದು ವಿವರದ ಹೊರತು.

ಇದು ಬರೀ ತರ್ಕವಲ್ಲ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಪಶು ಆಸ್ಪತ್ರೆಯ ಹೆರನ್ ಮತ್ತು ಸಂಗಡಿಗರು 2009ರಲ್ಲಿ 140 ಒಡೆಯರ ಉತ್ತರಗಳನ್ನು ವಿಶ್ಲೇಷಿಸಿದರು. ಹೊಡೆಯುವ, ಒದೆಯುವ ಪ್ರಯತ್ನಕ್ಕೆ ಶೇ 43ರಷ್ಟು ನಾಯಿಗಳು ತಿರುಗಿಬಿದ್ದಿದ್ದವು. ಅಂಗಾತ ಕೆಡವುವುದಕ್ಕೆ ಶೇ 31, ದುರುಗುಟ್ಟಿ ನೋಡುವುದಕ್ಕೆ ಶೇ 30. ಆಸ್ಪತ್ರೆಗೆ ಬಂದವು ಮೊದಲೇ ತೊಂದರೆಯಿದ್ದ ನಾಯಿಗಳು, ಆದ್ದರಿಂದ ಈ ಅಂಕಿಗಳನ್ನು ಎಲ್ಲ ನಾಯಿಗಳಿಗೂ ಅನ್ವಯಿಸುವಂತಿಲ್ಲ ಎಂದರೆ ಒಪ್ಪಬೇಕು. ಅದಕ್ಕೇ 2020ರ ಪೋರ್ಚುಗಲ್ ಅಧ್ಯಯನ ಮುಖ್ಯವಾಗುತ್ತದೆ. ಅಲ್ಲಿ ತರಬೇತಿ ಶಾಲೆಗಳಿಗೆ ಬರುತ್ತಿದ್ದ 92 ಮಾಮೂಲಿ ಸಾಕುನಾಯಿಗಳನ್ನು ಗಮನಿಸಲಾಯಿತು. ಶಿಕ್ಷೆಯನ್ನೇ ನೆಚ್ಚಿದ ಶಾಲೆಗಳ ನಾಯಿಗಳಲ್ಲಿ ತುಟಿ ನೆಕ್ಕುವುದು, ಆಕಳಿಸುವುದು ಮುಂತಾದ ಒತ್ತಡದ ಲಕ್ಷಣಗಳು ಹೆಚ್ಚು ಕಂಡವು. ತರಬೇತಿಯ ನಂತರ ಜೊಲ್ಲಿನಲ್ಲಿ ಕಾರ್ಟಿಸಾಲ್ ಹಾರ್ಮೋನಿನ ಮಟ್ಟವೂ ಹೆಚ್ಚು ಏರಿತ್ತು.

ಮುಖಕ್ಕೆ ಆಗುವ ಗಾಯಗಳ ವಿಷಯದಲ್ಲಿ ನಮ್ಮ ಪ್ರೀತಿಯೇ ಆರೋಪಿ. ಜೆಕ್ ಗಣರಾಜ್ಯದಲ್ಲಿ ಮುಖಕ್ಕೆ ನಾಯಿ ಕಚ್ಚಿದ 132 ಪ್ರಕರಣಗಳನ್ನು ಪರಿಶೀಲಿಸಿ 2015ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಶೇ 76ರಷ್ಟು ಪ್ರಕರಣಗಳಲ್ಲಿ ಕಚ್ಚುವ ಮುನ್ನ ವ್ಯಕ್ತಿ ನಾಯಿಯ ಮೇಲೆ ಬಾಗಿದ್ದ. ಶೇ 19ರಲ್ಲಿ ಮುಖವನ್ನು ನಾಯಿಯ ಮುಖದ ಹತ್ತಿರಕ್ಕೆ ಒಯ್ದಿದ್ದ. ಮಂಗಗಳ ವಂಶದವರಾದ ನಮಗೆ ತಬ್ಬುವುದು, ಮುಖಕ್ಕೆ ಮುಖ ಕೊಡುವುದು ವಾತ್ಸಲ್ಯ. ನಾಯಿಗಳ ಲೋಕದಲ್ಲಿ ಮೇಲೆ ಬಾಗಿ ಕಣ್ಣಲ್ಲಿ ಕಣ್ಣಿಟ್ಟು ನೋಡುವುದು ಜಗಳದ ಪೀಠಿಕೆ. ನಮ್ಮ ನಾಯಿ ಅದನ್ನೆಲ್ಲ ಸಹಿಸಿಕೊಳ್ಳುತ್ತದಲ್ಲ ಎಂದರೆ, ಹೌದು, ಹೆಚ್ಚಿನವು ಸಹಿಸಿಕೊಳ್ಳುತ್ತವೆ, ಕೆಲವು ಇಷ್ಟಪಡಲೂ ಕಲಿಯುತ್ತವೆ. ಎರಡರಲ್ಲಿ ಯಾವುದೆಂದು ತಿಳಿಯಲು ಫೋಟೊ ತೆಗೆಯುವವರು ನಾಯಿಯ ಕಣ್ಣಂಚು ನೋಡಿದರೆ ಆಯಿತು. ಚಿಕ್ಕ ಮಕ್ಕಳಿಗೆ ಅದೂ ಸಾಧ್ಯವಿಲ್ಲ: ಇಂಗ್ಲೆಂಡಿನ ಲಿಂಕನ್ ವಿಶ್ವವಿದ್ಯಾಲಯದ ಕರ್ಸ್ಟಿನ್ ಮೈಂಟ್ಸ್ ತಂಡ ಕಂಡಂತೆ, ಹಲ್ಲು ಕಿರಿದ ನಾಯಿಯನ್ನು ಎಷ್ಟೋ ಪುಟ್ಟ ಮಕ್ಕಳು ನಗುತ್ತಿದೆ ಎಂದೇ ಓದುತ್ತವೆ.

ಇದೆಲ್ಲ ಸಾಕುನಾಯಿಗಳ ಮಾತಾಯಿತು, ನಮ್ಮ ರಸ್ತೆಯ ನಾಯಿಗಳ ಎದುರು ಈ ಪಾಂಡಿತ್ಯ ಏನು ಪ್ರಯೋಜನ ಎಂಬುದು ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಶಾಲೆಗೆ ನಡೆದು ಹೋಗುವ ಮಕ್ಕಳ ಹೆತ್ತವರ ನ್ಯಾಯವಾದ ಪ್ರಶ್ನೆ. ಮಗುವಿನ ಸುರಕ್ಷತೆಯನ್ನು ಮಗುವಿನ ನಾಯಿಭಾಷಾ ಜ್ಞಾನಕ್ಕೆ ಬಿಡುವುದು ಅನ್ಯಾಯ. ಸಂತಾನಹರಣ ಶಸ್ತ್ರಚಿಕಿತ್ಸೆ, ಲಸಿಕೆ, ಕಸ ವಿಲೇವಾರಿ ಇವು ಆಡಳಿತದ ಹೊಣೆ. ಆದರೂ ಬೀದಿನಾಯಿ ಬೇರೆ ಭಾಷೆ ಆಡುವುದಿಲ್ಲ, ಅದರ ಅಂಜಿಕೆಗೆ ಕಾರಣಗಳು ಮಾತ್ರ ಹೆಚ್ಚು. ಕೋಲ್ಕತ್ತದ ಐಸರ್ ಸಂಸ್ಥೆಯ ಅನಿಂದಿತಾ ಭದ್ರ ಅವರ ತಂಡ ಬೀದಿನಾಯಿಗಳ 95 ಸೂಲುಗಳ 364 ಮರಿಗಳನ್ನು ಹಿಂಬಾಲಿಸಿದಾಗ, ಪ್ರಾಯಕ್ಕೆ ಬರುವವರೆಗೆ ಬದುಕಿದ್ದು ಶೇ 19 ಮಾತ್ರ. ಸಾವುಗಳಲ್ಲಿ ಶೇ 63ಕ್ಕೆ ಮನುಷ್ಯರೇ ಒಂದಲ್ಲ ಒಂದು ರೀತಿ ಕಾರಣ. ಅದೇ ತಂಡ 2020ರಲ್ಲಿ ಪ್ರಕಟಿಸಿದ ಇನ್ನೊಂದು ಪ್ರಯೋಗದಲ್ಲಿ, ಅಪರಿಚಿತರು ಎರಡು ಬಟ್ಟಲುಗಳಲ್ಲಿ ಒಂದರತ್ತ ಕೈ ತೋರಿಸಿದಾಗ ಸುಮಾರು ಅರ್ಧದಷ್ಟು ಬೀದಿನಾಯಿಗಳು ಹತ್ತಿರವೇ ಬರಲಿಲ್ಲ. ಬಂದವುಗಳಲ್ಲಿ ಶೇ 80ರಷ್ಟು, ಯಾವ ತರಬೇತಿಯೂ ಇಲ್ಲದೆ, ಕೈ ತೋರಿಸಿದ ಬಟ್ಟಲಿಗೇ ಹೋದವು. ನಮ್ಮ ಸನ್ನೆಯನ್ನು ಓದುವ ಕೆಲಸವನ್ನು ಅವು ಆಗಲೇ ಕಲಿತಿವೆ. ಕಲ್ಲೆತ್ತಲು ಬಾಗುವ ಸನ್ನೆಯನ್ನೂ ಅವು ಅಷ್ಟೇ ಚೆನ್ನಾಗಿ ಓದುತ್ತವೆ.

ಈ ವ್ಯಾಕರಣಕ್ಕೆಲ್ಲ ಹೊರತಾದದ್ದು ರೇಬೀಸ್. ವೈರಾಣು ಮಿದುಳು ಹೊಕ್ಕ ನಾಯಿ ಯಾವ ಮೆಟ್ಟಿಲನ್ನೂ ಹತ್ತದೆ ಕಚ್ಚಬಹುದು. ಅಥವಾ ರೋಗದ ಇನ್ನೊಂದು ರೂಪದಲ್ಲಿ ಅಬ್ಬರವೇ ಇಲ್ಲದೆ, ದವಡೆ ಜೋತುಬಿದ್ದು, ಜೊಲ್ಲು ಸುರಿಸುತ್ತ ಮೂಲೆಯಲ್ಲಿ ಮಂಕಾಗಿ ಕೂತಿರಬಹುದು. ಅದರ ಗಂಟಲಲ್ಲಿ ಮೂಳೆ ಸಿಕ್ಕಿರಬೇಕೆಂದು ಕನಿಕರಿಸಿ ಬಾಯೊಳಗೆ ಕೈ ಹಾಕುವವರಿದ್ದಾರೆ. ರೋಗದ ಲಕ್ಷಣ ಕಾಣಿಸಿಕೊಳ್ಳುವುದಕ್ಕೆ ಕೆಲವು ದಿನ ಮುಂಚೆಯೇ ಜೊಲ್ಲಿನಲ್ಲಿ ವೈರಾಣು ಇರುತ್ತದಾದ್ದರಿಂದ, ಕಚ್ಚಿದ ನಾಯಿ ಆರೋಗ್ಯವಾಗಿ ಕಂಡಿತೆಂದು ಸುಮ್ಮನಿರುವಂತಿಲ್ಲ. ಗಾಯಕ್ಕೆ ಖಾರದ ಪುಡಿ, ಸುಣ್ಣ, ಅರಿಶಿನ ಯಾವುದೂ ಬೇಡ. 15 ನಿಮಿಷ ಹರಿಯುವ ನೀರಿನಲ್ಲಿ ಸೋಪು ಹಚ್ಚಿ ತೊಳೆದು ಅಂದೇ ಆಸ್ಪತ್ರೆಗೆ ಹೋಗಬೇಕು. ತೋಳಿಗೆ ಕೊಡುವ ಲಸಿಕೆಯ ಜೊತೆಗೆ, ರಕ್ತ ಬಂದಿದ್ದರೆ ಗಾಯದ ಸುತ್ತಲೇ ಚುಚ್ಚುವ ಇಮ್ಯುನೊಗ್ಲಾಬ್ಯುಲಿನ್ ಕೂಡ ಬೇಕೆಂದು ಕೇಳಿ ಪಡೆಯಬೇಕು.