ಬಿಎ ಓದಿದವರು ಎಂಜಿನಿಯರ್ ಆಗಬಹುದೇ?

ಪಿಯುಸಿ ಫಲಿತಾಂಶ ಬರುತ್ತಿದ್ದಂತೆ ನಮ್ಮ ಮನೆಗಳಲ್ಲಿ ನಡೆಯುವ ಮಾತುಕತೆಯಲ್ಲಿ ಆರ್ಟ್ಸ್ ಒಂದು ಕಡೆ, ಎಂಜಿನಿಯರಿಂಗ್ ಇನ್ನೊಂದು ಕಡೆ. ಒಂದನ್ನು ಹಿಡಿದರೆ ಇನ್ನೊಂದನ್ನು ಬಿಟ್ಟಂತೆಯೇ. ಎರಡನ್ನೂ ಸೇರಿಸಿ ಕಲಿಸುವ ಪದವಿಗಳು ಅಮೆರಿಕದಲ್ಲಿ ಹಲವು ಇವೆ. ಅವುಗಳ ಹೆಸರು ಕೇಳಿದ ಕೂಡಲೇ ಇಲ್ಲಿನ ಪೋಷಕರು ಆಡುವ ಕೆಲವು ಮಾತುಗಳನ್ನು ಒಂದೊಂದಾಗಿ ನೋಡೋಣ.

ತಪ್ಪು ಕಲ್ಪನೆ: ಗಣಿತ ತಲೆಗೆ ಹತ್ತದವರಿಗೆ ಇದು ಸುಲಭದ ದಾರಿ.

ಸತ್ಯ: ಕ್ಯಾಲಿಫೋರ್ನಿಯಾದ ಕ್ಲೇರ್ಮಾಂಟ್‌ನಲ್ಲಿ 1955ರಲ್ಲಿ ಸ್ಥಾಪನೆಯಾದ ಹಾರ್ವೆ ಮಡ್ ಕಾಲೇಜಿನ ಪಾಠಕ್ರಮವನ್ನು ತೆಗೆದು ನೋಡಿ. ಮುಂದೆ ಯಾವ ವಿಷಯ ಆರಿಸಿಕೊಂಡರೂ ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ, ಕಂಪ್ಯೂಟರ್ ಸೈನ್ಸ್, ಎಂಜಿನಿಯರಿಂಗ್ ಎಲ್ಲವನ್ನೂ ಎಲ್ಲರೂ ಓದಲೇಬೇಕು. ಜೊತೆಗೆ ಬರವಣಿಗೆಯ ತರಗತಿ. ಅದರ ಮೇಲೆ ಮಾನವಿಕ, ಸಮಾಜ ವಿಜ್ಞಾನ ಮತ್ತು ಕಲಾ ವಿಷಯಗಳ ದೊಡ್ಡ ಪಾಲು. ಕಲೆ ಬಂತೆಂದು ಕ್ಯಾಲ್ಕುಲಸ್ ಎಲ್ಲೂ ಹೋಗುವುದಿಲ್ಲ. 1963ರಿಂದ ಅಲ್ಲಿ ‘ಕ್ಲಿನಿಕ್’ ಎಂಬ ಪದ್ಧತಿ ನಡೆದು ಬಂದಿದೆ. ಹೊರಗಿನ ಸಂಸ್ಥೆಯೊಂದು ತನ್ನ ನಿಜವಾದ ಸಮಸ್ಯೆಯನ್ನು ತಂದು ಒಪ್ಪಿಸುತ್ತದೆ. ನಾಲ್ಕೈದು ವಿದ್ಯಾರ್ಥಿಗಳ ತಂಡ ವರ್ಷವಿಡೀ ಅದರ ಮೇಲೆ ಕೆಲಸ ಮಾಡಿ, ಕಡೆಗೆ ಆ ಸಂಸ್ಥೆಯವರ ಎದುರು ನಿಂತು ಉತ್ತರ ಹೇಳಬೇಕು. ಲೆಕ್ಕ ಬಾರದವರಿಗೂ ಮಾತು ಬಾರದವರಿಗೂ ಇದು ಸುಲಭವಲ್ಲ.

ತಪ್ಪು ಕಲ್ಪನೆ: ಸರ್ಟಿಫಿಕೇಟಿನಲ್ಲಿ ಬಿಎ ಎಂದಿದ್ದರೆ ಎಂಜಿನಿಯರ್ ಅಲ್ಲವೇ ಅಲ್ಲ.

ಸತ್ಯ: ಇದರಲ್ಲಿ ಅರ್ಧ ನಿಜವಿದೆ. ಆ ಅರ್ಧ ಯಾವುದೆಂದು ತಿಳಿಯದೆ ಹಣ ಕಟ್ಟಬಾರದು.

ಡಾರ್ಟ್‌ಮತ್ ಕಾಲೇಜಿನ ಥೇಯರ್ ಸ್ಕೂಲಿನಲ್ಲಿ ವಿದ್ಯಾರ್ಥಿಗೆ ಮೊದಲು ಸಿಗುವುದು ಎಂಜಿನಿಯರಿಂಗ್ ಸೈನ್ಸಸ್‌ನಲ್ಲಿ ಬಿಎ ಪದವಿ. ಅದರ ಮೇಲೆ ಬಿಇ. ಕೆಲವರು ಎರಡನ್ನೂ ನಾಲ್ಕೇ ವರ್ಷದಲ್ಲಿ ಮುಗಿಸುತ್ತಾರೆ, ಕೆಲವರಿಗೆ ಐದು ವರ್ಷ ಬೇಕು. ಎಂಜಿನಿಯರಿಂಗ್ ಪದವಿಗಳಿಗೆ ಮಾನ್ಯತೆ ಕೊಡುವ ಅಲ್ಲಿನ ‘ಎಬೆಟ್’ ಸಂಸ್ಥೆಯ ಮುದ್ರೆ ಇರುವುದು ಬಿಇಗೆ, ಬಿಎಗೆ ಅಲ್ಲ. ಹೆಣ್ಣುಮಕ್ಕಳ ಕಾಲೇಜಾದ ಸ್ಮಿತ್‌ನಲ್ಲೂ ಹೀಗೆಯೇ: ಅಲ್ಲಿನ ಎಂಜಿನಿಯರಿಂಗ್ ಬಿಎಸ್‌ಗೆ ಮಾನ್ಯತೆ ಇದೆ, ಬಿಎಗೆ ಇಲ್ಲ.

ಈ ಮುದ್ರೆಯಿಂದ ಏನು ವ್ಯತ್ಯಾಸ? ಅಮೆರಿಕದಲ್ಲಿ ಸೇತುವೆಯ ನಕ್ಷೆಗೋ ಕಟ್ಟಡದ ನಕ್ಷೆಗೋ ಸಹಿ ಹಾಕಲು ವೃತ್ತಿ ಲೈಸೆನ್ಸ್ ಬೇಕು. ಮಾನ್ಯತೆ ಪಡೆದ ಪದವಿ, ಎರಡು ಪರೀಕ್ಷೆ, ಸಾಮಾನ್ಯವಾಗಿ ನಾಲ್ಕು ವರ್ಷದ ಅನುಭವ — ಇದು ಅದಕ್ಕಿರುವ ನೇರ ದಾರಿ. ಸಿವಿಲ್ ಓದಬೇಕೆನ್ನುವ ಮಗಳಿಗೆ ಇದು ದೊಡ್ಡ ವಿಚಾರ. ಸಾಫ್ಟ್‌ವೇರ್ ಅಥವಾ ಪ್ರಾಡಕ್ಟ್ ಡಿಸೈನ್‌ಗೆ ಹೋಗುವವರಿಗೆ ಅಷ್ಟೇನೂ ಅಲ್ಲ. ನಮ್ಮ ದೇಶದಲ್ಲೂ ಐಎಎಸ್, ಕೆಎಎಸ್ ಪರೀಕ್ಷೆಗೆ ಯಾವ ಪದವಿಯಾದರೂ ನಡೆಯುತ್ತದೆ. ಯುಪಿಎಸ್‌ಸಿಯ ಎಂಜಿನಿಯರಿಂಗ್ ಸರ್ವಿಸಸ್ ಪರೀಕ್ಷೆ ಹಾಗಲ್ಲ.

ತಪ್ಪು ಕಲ್ಪನೆ: ಬಿಎ ಆದರೆ ಅಮೆರಿಕದಲ್ಲಿ ಕೆಲಸಕ್ಕೆ ಉಳಿಯುವ ಅವಕಾಶ ಕಡಿಮೆ.

ಸತ್ಯ: ಓದು ಮುಗಿದ ಮೇಲೆ ಸಿಗುವ 12 ತಿಂಗಳ ಕೆಲಸದ ಅನುಮತಿಯನ್ನು ಇನ್ನೂ 24 ತಿಂಗಳು ವಿಸ್ತರಿಸುವಾಗ ನೋಡುವುದು ಬಿಎ, ಬಿಎಸ್ ಎಂಬ ಅಕ್ಷರಗಳನ್ನಲ್ಲ, ಆ ಕೋರ್ಸಿಗೆ ಕೊಟ್ಟಿರುವ ಸರ್ಕಾರಿ ವಿಷಯ ಸಂಕೇತವನ್ನು. ಅದು ಎಂಜಿನಿಯರಿಂಗ್ ಗುಂಪಿನ ಸಂಕೇತವಾಗಿದ್ದರೆ ಬಿಎ ಕೂಡ ಅರ್ಹ. ಸೇರುವ ಮೊದಲೇ ಕಾಲೇಜಿಗೆ ಪತ್ರ ಬರೆದು ಕೇಳಬಹುದಾದ ಸಂಗತಿ ಇದು.

ತಪ್ಪು ಕಲ್ಪನೆ: ಇದೆಲ್ಲ ಇತ್ತೀಚಿನ ಫ್ಯಾಷನ್.

ಸತ್ಯ: ಥೇಯರ್ ಸ್ಕೂಲ್ ಶುರುವಾದದ್ದು 1867ರಲ್ಲಿ. ಎಂಐಟಿಯಲ್ಲಿ ಪ್ರತಿಯೊಬ್ಬ ಪದವಿ ವಿದ್ಯಾರ್ಥಿಯೂ ಮಾನವಿಕ, ಕಲೆ, ಸಮಾಜ ವಿಜ್ಞಾನಗಳಲ್ಲಿ ಎಂಟು ಕೋರ್ಸ್ ಮುಗಿಸಬೇಕು.

ತಪ್ಪು ಕಲ್ಪನೆ: ಎಂಜಿನಿಯರಿಗೆ ಚರಿತ್ರೆ, ಸಮಾಜಶಾಸ್ತ್ರ ಬರೀ ಅಲಂಕಾರ.

ಸತ್ಯ: ಉತ್ತರಕ್ಕೆ ಅಮೆರಿಕದವರೆಗೆ ಹೋಗಬೇಕಾಗಿಲ್ಲ, ಕುಣಿಗಲ್ ತಾಲ್ಲೂಕಿನ ಪುರ ಎಂಬ ಹಳ್ಳಿ ಸಾಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನ ರೂಪಿಸುವ ‘ಅಸ್ತ್ರ’ ಕೇಂದ್ರವನ್ನು ಕಟ್ಟಿದರು. ಆ ತಂಡ ಪುರದಲ್ಲಿ ಊರಿಗೆಲ್ಲ ಒಂದೇ ಗೋಬರ್ ಗ್ಯಾಸ್ ಘಟಕ ನಿರ್ಮಿಸಿತು. ಮನೆಮನೆಗೆ ಅಡುಗೆ ಗ್ಯಾಸ್ ಕೊಡುವುದು ಉದ್ದೇಶ. ಘಟಕದ ವಿನ್ಯಾಸ ಸರಿಯಾಗಿಯೇ ಇತ್ತು. ಆದರೆ ಎಲ್ಲರ ಒಲೆಗೂ ಸಾಲುವಷ್ಟು ಸಗಣಿ ಊರಿನಲ್ಲಿ ಬೀಳುತ್ತಿರಲಿಲ್ಲ. ಪ್ರಯತ್ನ ನಿಂತಿತು.

ಆಮೇಲೆ ಊರಿನವರೊಂದಿಗೆ ಕೂತು ಮಾತಾಡಿದಾಗ ಅವರಿಗೆ ಮೊದಲು ಬೇಕಾಗಿರುವುದು ಕುಡಿಯುವ ನೀರು ಎಂದು ತಿಳಿಯಿತು. 1987ರಲ್ಲಿ ಅದೇ ಗ್ಯಾಸಿನಿಂದ ಎಂಜಿನ್ ಓಡಿಸಿ, ಕರೆಂಟ್ ಉತ್ಪಾದಿಸಿ, ಬೋರ್‌ವೆಲ್ ನೀರನ್ನು ನಲ್ಲಿಗೆ ತಂದರು, ಮನೆಗಳಿಗೆ ದೀಪ ಕೊಟ್ಟರು. ಜನ ತಂದ ಸಗಣಿಯನ್ನು ತೂಗಿ ಲೆಕ್ಕ ಬರೆಯುತ್ತಿದ್ದರು, ಅದಕ್ಕೆ ಹಣ ಕೊಡುತ್ತಿದ್ದರು, ಗ್ಯಾಸ್ ತೆಗೆದು ಉಳಿದ ಸ್ಲರಿಯನ್ನು ಗೊಬ್ಬರಕ್ಕೆ ಹಿಂದಿರುಗಿಸುತ್ತಿದ್ದರು. ಯಂತ್ರಕ್ಕಿಂತ ಮೊದಲು ಸರಿಹೋಗಬೇಕಾಗಿದ್ದದ್ದು ಯಾರಿಗೆ ಏನು ಬೇಕು ಎಂಬ ಪ್ರಶ್ನೆ. ಯಾರನ್ನು ಕೇಳಬೇಕು, ಹೇಗೆ ಕೇಳಬೇಕು, ಕೇಳಿದ್ದನ್ನು ಹೇಗೆ ನಂಬಬೇಕು ಎಂಬುದನ್ನು ಕಲಿಸುವುದು ಸಮಾಜ ವಿಜ್ಞಾನ. ಇದನ್ನು ಅಲಂಕಾರ ಎನ್ನುವುದು ನನ್ನ ದೃಷ್ಟಿಯಲ್ಲಿ ದೊಡ್ಡ ತಪ್ಪು.

ತಪ್ಪು ಕಲ್ಪನೆ: ನಮ್ಮ ದೇಶದಲ್ಲಿ ಇಂಥದ್ದು ಇಲ್ಲ.

ಸತ್ಯ: ಬಿಟ್ಸ್ ಪಿಲಾನಿಯಲ್ಲಿ ಅರ್ಥಶಾಸ್ತ್ರದ ಎಂಎಸ್ಸಿಗೆ ಸೇರಿ, ಮೊದಲ ವರ್ಷದ ಅಂಕಗಳ ಮೇಲೆ ಬಿಇ ಬ್ರಾಂಚ್ ಪಡೆದು, ಐದು ವರ್ಷದಲ್ಲಿ ಎರಡೂ ಪದವಿ ಗಳಿಸುವ ವ್ಯವಸ್ಥೆ ಬಹಳ ವರ್ಷಗಳಿಂದ ಇದೆ. ಐಐಟಿಗಳ ಬಿಟೆಕ್ ವಿದ್ಯಾರ್ಥಿಗಳಿಗೆ ಮಾನವಿಕ ಕೋರ್ಸ್‌ಗಳು ಕಡ್ಡಾಯ. ಉಳಿದ ಕಾಲೇಜುಗಳಲ್ಲಿ ಪಾಲು ತೀರ ಸಣ್ಣದು: ಎಐಸಿಟಿಇ 2018ರಲ್ಲಿ ಹೊರಡಿಸಿದ ಮಾದರಿ ಪಾಠಕ್ರಮದ 160 ಕ್ರೆಡಿಟ್‌ಗಳಲ್ಲಿ ಮಾನವಿಕ, ಸಮಾಜ ವಿಜ್ಞಾನ, ಮ್ಯಾನೇಜ್‌ಮೆಂಟ್ ಎಲ್ಲ ಸೇರಿ 12. ಅದನ್ನೂ ಪರೀಕ್ಷೆಯ ಹಿಂದಿನ ರಾತ್ರಿ ಓದಿದರಾಯಿತು ಎಂಬ ಧೋರಣೆ ನಮ್ಮಲ್ಲಿ ಗಟ್ಟಿಯಾಗಿದೆ.

ಕಲೆ, ಎಂಜಿನಿಯರಿಂಗ್ ಎರಡನ್ನೂ ಸೇರಿಸಿದ ಪದವಿ ಎಲ್ಲರಿಗೂ ಹೊಂದುತ್ತದೆ ಎಂದು ನಾನು ಹೇಳುವುದಿಲ್ಲ. ಐದು ವರ್ಷವಾದರೆ ಖರ್ಚು ಹೆಚ್ಚು, ಒಂದೇ ಬ್ರಾಂಚಿನ ಆಳಕ್ಕೆ ಇಳಿಯಲು ಸಮಯ ಕಡಿಮೆ. ಆದರೆ ನಿಮ್ಮ ಮಗನೋ ಮಗಳೋ ಕ್ಯಾಲ್ಕುಲಸ್ಸನ್ನೂ ಚರಿತ್ರೆಯನ್ನೂ ಒಂದೇ ಪ್ರೀತಿಯಿಂದ ಓದುತ್ತಿದ್ದರೆ, ಒಂದನ್ನು ಬಿಡು ಎಂದು ಹೇಳುವ ಮೊದಲು ಆ ಪದವಿಯ ಸಿಲಬಸ್ ತರಿಸಿ ಓದಿ, ಮಾನ್ಯತೆ ಇದೆಯೇ ಎಂದು ವಿಚಾರಿಸಿ, ಆಮೇಲೆ ಮಕ್ಕಳ ಜೊತೆ ಕೂತು ಮಾತಾಡಿ.